ಹಪ್ಪಳದ ಚಾಪೆ, ನಾಯಿಯ ರೋಮ

ಮೊನ್ನೆ ಕುಂದಾಪುರದಿಂದ ಮನೆಗೆ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕಪ್ಪು ಸೆರಗಿನಿಂದ ಏನನ್ನೋ ಎರಡು ಬೆರಳಲ್ಲಿ ಹೆಕ್ಕಿ ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ರೋಮ. ಬುಡದಲ್ಲಿ ಬೂದು, ತುದಿಯಲ್ಲಿ ಕಂದು.

“ನಿಮ್ಮನಿಯಂಗೂ ನಾಯಿ ಇತ್ತಾ?” ಎಂದು ಕೇಳಿದಳು. ಕಳ್ಳತನದಲ್ಲಿ ಜೊತೆಗಾರ್ತಿ ಸಿಕ್ಕಿದ ಹಾಗಿತ್ತು ಅವಳ ದನಿ.

ಅವಳದು ಬ್ರಹ್ಮಾವರವಂತೆ. ಹೆದ್ದಾರಿ ಬದಿಯಲ್ಲಿ ಯಾರೋ ಬಿಟ್ಟುಹೋದ ನಾಯಿಯನ್ನು ಮನೆಗೆ ತಂದಿದ್ದಾಳೆ. ಚಳಿ ಬಿಟ್ಟದ್ದೇ ಅದು ಉದುರಿಸಲು ಶುರುಮಾಡಿದೆ. ಸೋಫಾದಲ್ಲಿ ರೋಮ, ಹಾಸಿಗೆಯಲ್ಲಿ ರೋಮ, ಗಂಡ ಆಫೀಸಿಗೆ ಹಾಕುವ ಪ್ಯಾಂಟಿನಲ್ಲಿ ರೋಮ. ಯುಗಾದಿಯೊಳಗೆ ನಾಯಿಯನ್ನು ಎಲ್ಲಿಂದ ತಂದೆಯೋ ಅಲ್ಲಿಗೇ ಬಿಡು ಎಂದು ಗಂಡ ಹೇಳಿಬಿಟ್ಟಿದ್ದಾನೆ. “ನಿಲ್ಸುಕೆ ಎಂತಾರೂ ಮದ್ದ್ ಇತ್ತಾ ಅಕ್ಕ?” ಎಂದಳು. ಅಷ್ಟರಲ್ಲಿ ಕಂಡಕ್ಟರು ಕುಂಭಾಶಿ ಎಂದು ಕೂಗಿದ, ನಾನು ಇಳಿಯಬೇಕಾಯಿತು.

ನನ್ನನ್ನು ಬಲ್ಲವರು ಇದನ್ನು ನಂಬಲಿಕ್ಕಿಲ್ಲ. ಕೇಳದೆ ಇದ್ದರೂ ಬುದ್ಧಿ ಹೇಳುವವಳು ನಾನು. ಕೆಸು ಯಾವಾಗ ನೆಡಬೇಕು, ಗ್ಯಾಸ್ ಒಲೆ ಎಲ್ಲಿ ಕೊಳ್ಳಬೇಕು, ಯಾವ ಅಂಗಡಿಯವನು ಎಷ್ಟು ಕೇಳಿದರೆ ಎಷ್ಟಕ್ಕೆ ಇಳಿಯುತ್ತಾನೆ, ಎಲ್ಲಕ್ಕೂ ನನ್ನ ಹತ್ತಿರ ಉತ್ತರ ಸಿದ್ಧ. ಅಂಥವಳು ಒಂದು ಮಾತೂ ಹೇಳದೆ ಮೆಟ್ಟಿಲಿಳಿದೆ. ಮದ್ದಿಲ್ಲವೆಂದಲ್ಲ. ಆ ಪ್ರಶ್ನೆಗೆ ನನ್ನ ಬಳಿ ಇರುವ ಉತ್ತರ ಎರಡು ನಿಲ್ದಾಣಗಳ ನಡುವೆ ಹೇಳಿ ಮುಗಿಯುವಂಥದ್ದಲ್ಲ. ನೀವು ಕೂತು ಕೇಳುತ್ತೀರಾದರೆ ನಿಮಗೆ ಹೇಳುತ್ತೇನೆ.

ನಾನು ಹಪ್ಪಳದವಳು. ಹಲಸಿನಕಾಯಿ ಹಪ್ಪಳ, ಅಕ್ಕಿ ಸಂಡಿಗೆ, ಮಳೆಗಾಲಕ್ಕೆ ಒಂದಿಷ್ಟು ಉಪ್ಪಿನಕಾಯಿ. ಒಂದು ಮಣೆ, ಎರಡು ಚಾಪೆಯಿಂದ ಶುರುಮಾಡಿದ್ದು. ಈಗ ಬೇಸಿಗೆಯಲ್ಲಿ ಆರು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಮದುವೆಮನೆಯ ಅಡುಗೆಯವರಿಗೆ ನನ್ನ ಗುರುತಿದೆ. ಯಾರ ಹಂಗೂ ಇಲ್ಲದೆ ಇಷ್ಟು ಮಾಡಿದೆ ಎಂದು ನಾನು ಹೇಳಿಕೊಳ್ಳುವಾಗೆಲ್ಲ ಅಣ್ಣ ನಗುತ್ತಿದ್ದ. ಹಿಟ್ಟಿಗೆ ಇಂಗು ಎಷ್ಟು, ಎಳ್ಳು ಯಾವಾಗ ಎಂದು ಮುಂಬೈಯಿಂದ ಫೋನಿನಲ್ಲಿ ಕಲಿಸಿದವನು ಅವನೇ. ಅದನ್ನು ನಾನು ಹೇಳುತ್ತಿರಲಿಲ್ಲ, ಅವನೂ ನೆನಪಿಸುತ್ತಿರಲಿಲ್ಲ.

ಈ ಕೆಲಸದಲ್ಲಿ ರುಚಿ ಎರಡನೆಯದು. ಉಪ್ಪು ಒಂದು ಚೂರು ಹೆಚ್ಚಾದರೆ ಜನ ನೀರು ಕುಡಿದು ಕ್ಷಮಿಸುತ್ತಾರೆ. ಬಾಳೆಲೆಯ ಮೇಲೆ ಬಡಿಸಿದ ಹಪ್ಪಳದಲ್ಲಿ ಒಂದು ರೋಮ ಸಿಕ್ಕಿದರೆ ಕ್ಷಮೆಯಿಲ್ಲ. ಆ ಊಟ ಅಲ್ಲಿಗೇ ನಿಲ್ಲುತ್ತದೆ; ಅಡುಗೆಯವನ ಹೆಸರು ಹೋಗುತ್ತದೆ, ಅವನ ಹಿಂದೆಯೇ ನನ್ನದೂ. ಇಷ್ಟು ಗೊತ್ತಿದ್ದೂ ರೋಮದ ಮೂಟೆಯಂಥ ನಾಯಿಯನ್ನು ನಾನೇ ಮನೆಗೆ ಹೊತ್ತು ತಂದೆ. ಅದಕ್ಕೆ ಕಾರಣ ನನ್ನ ಚೌಕಾಸಿ.

ಉಪ್ಪುಂದದಲ್ಲಿ ಒಬ್ಬರು ಟೀಚರ್ ಇದ್ದಾರೆ. ನಿವೃತ್ತರಾಗಿ ಕೆಲವು ವರ್ಷಗಳಾದವು. ಹಿತ್ತಿಲಿನಲ್ಲಿ ಎರಡು ದೊಡ್ಡ ಹಲಸಿನ ಮರ. ಕಡಲಬದಿಯಲ್ಲಿ, ರೈಲು ನಿಲ್ದಾಣದ ಹತ್ತಿರ ಜನ ಬಿಟ್ಟುಹೋಗುವ ನಾಯಿಗಳನ್ನೆಲ್ಲ ತಂದು ಸಾಕುವವರು. ಮರದ ಕಾಯಿ ಕೊಳ್ಳಲು ನಾನು ಹೋದ ದಿನ ಅಂಗಳದಲ್ಲಿ ಏಳೋ ಎಂಟೋ ನಾಯಿಗಳಿದ್ದವು. ನಾನು ಎಂದಿನಂತೆ ಕಾಯಿ ಸಣ್ಣದು, ಸೊಳೆ ತೆಳು, ಮರ ಹತ್ತುವವರು ಸಿಗುವುದಿಲ್ಲ ಎಂದೆಲ್ಲ ಶುರುಮಾಡಿದೆ. ಟೀಚರ್ ಪೂರ್ತಿ ಕೇಳಿಸಿಕೊಂಡು, “ಕಾಯಿ ಇಡೀ ಮರದ್ದ್ ತಕಣಿ. ನಂಗ್ ಎಂತದೂ ಕೊಡುದ್ ಬ್ಯಾಡ. ಒಂದ್ ನಾಯಿ ತಕಂಡ್ ಹೋದ್ರ್ ಸಾಕ್. ಅದ್ ಬದ್ಕಿಪ್ಪಲ್ಲಿವರಿಗೆ ವರ್ಷವರ್ಷ ಕಾಯಿ ನಿಮ್ದೇ” ಎಂದರು.

ಪುಕ್ಕಟೆ ಎಂಬ ಮಾತು ಕೇಳಿದರೆ ನನ್ನ ತಲೆ ಕೆಲಸ ಮಾಡುವುದಿಲ್ಲ. ಇದು ನನ್ನ ದೌರ್ಬಲ್ಯ. ಟೆಂಪೊದಲ್ಲಿ ಹಲಸಿನಕಾಯಿಯ ರಾಶಿಯ ಮೇಲೆ ಬಿಳಿ ನಾಯಿಯೊಂದನ್ನು ಕೂರಿಸಿಕೊಂಡು ಗೆದ್ದವಳ ಹಾಗೆ ಮನೆಗೆ ಬಂದೆ. ಹಲಸಿನಕಾಯಿ ಬಲಿಯುವ ತಿಂಗಳು, ನಾಯಿ ಒಳರೋಮ ಉದುರಿಸುವ ತಿಂಗಳು, ಚಾಪೆ ಬಿಸಿಲಿಗೆ ಹಾಕುವ ತಿಂಗಳು ಮೂರೂ ಒಂದೇ ಎಂದು ನನಗೆ ಗೊತ್ತಾದದ್ದು ಒಂದು ವಾರದ ಮೇಲೆ.

ಗೊತ್ತು ಮಾಡಿಸಿದವಳು ಗಿರಿಜಕ್ಕ. ನನ್ನ ಬಳಿ ಮೊದಲಿನಿಂದಲೂ ಹಪ್ಪಳ ಒತ್ತುವವಳು. ಅವಳ ಕೈಯಷ್ಟೇ ಚುರುಕು ಅವಳ ನಾಲಿಗೆ. ಒಂದು ಬೆಳಿಗ್ಗೆ ಒದ್ದೆ ಹಪ್ಪಳದ ಮೇಲಿಂದ ಬಿಳಿ ರೋಮ ಒಂದನ್ನು ಉಗುರಿನಲ್ಲಿ ಎಳೆದು ನನ್ನ ಮೂಗಿನ ಹತ್ತಿರ ಹಿಡಿದಳು. “ಹ್ವಾಯ್ ಅಕ್ಕ, ಕರಿ ನಾಯಿ ತಂದಿರೆ ಕಣ್ಣಿಗಾರೂ ಕಾಂತಿತ್ತ್. ನೀವ್ ಹಪ್ಪಳದ ಬಣ್ಣದ್ದೇ ಹುಡ್ಕಿ ತಂದ್ರ್ಯಲೆ!”

ಇನ್ನು ಅಣ್ಣನ ವಿಷಯ. ಊರಿನವರಿಗೆ ಅವನು ಶೀನಣ್ಣ. ಹದಿನಾರರಲ್ಲಿ ಮುಂಬೈಗೆ ಹೋಗಿ ಮೂವತ್ತು ವರ್ಷಕ್ಕೂ ಹೆಚ್ಚು ಹೋಟೆಲಿನಲ್ಲಿ ದೋಸೆ ಕಾವಲಿಯ ಎದುರು ನಿಂತವನು. ಮದುವೆಯಾಗಲು ರಜೆ ಸಿಗಲಿಲ್ಲ ಎನ್ನುತ್ತಿದ್ದ. ಒಂದು ದಿನ ಕಾವಲಿಯ ಎದುರೇ ಲಕ್ವ ಹೊಡೆದು ಬಲಗಡೆ ಸೋತು ಬಿದ್ದ. ನಡೆಯುವಷ್ಟು ಸುಧಾರಿಸಿದ ಮೇಲೆ ನಾನು ಹೋಗಿ ನನ್ನ ಮನೆಗೆ ಕರೆತಂದೆ. ಮಾತು ಸರಿಯಾಗಿತ್ತು, ಕಾಲು ಎಳೆದುಕೊಂಡು ನಡೆಯುತ್ತಿದ್ದ, ಬಲಗೈ ಮಾತ್ರ ಮುಷ್ಟಿಯಾಗಿ ಮಡಿಲಲ್ಲಿ ಬಿದ್ದಿರುತ್ತಿತ್ತು. ಆಸ್ಪತ್ರೆಯಲ್ಲಿ ಹಿಸುಕಲು ರಬ್ಬರಿನ ಚೆಂಡು ಕೊಟ್ಟಿದ್ದರು. ಎರಡು ದಿನ ಹಿಸುಕಿ ಅದನ್ನು ಗೇರುಮರದ ಬುಡಕ್ಕೆ ಎಸೆದ. ಆರು ಹೆಂಗಸರು ದುಡಿಯುವ ಅಂಗಳದ ಎದುರು ಜಗಲಿಯಲ್ಲಿ ಕೂತು ದಿನ ಕಳೆಯುವುದು ಅವನಂಥವನಿಗೆ ಏನೆಂದು ನನಗೆ ಆಗ ತಿಳಿಯಲಿಲ್ಲ. ಊಟ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದೆ. ಅಷ್ಟು ಸಾಕು ಎಂದುಕೊಂಡಿದ್ದೆ.

ಗಿರಿಜಕ್ಕ ರೋಮ ಹಿಡಿದು ತೋರಿಸಿದ ದಿನ ನಾನು ನಾಯಿಯನ್ನು ವಾಪಸು ಕಳುಹಿಸುವುದೆಂದೇ ಕೂಗಾಡುತ್ತಿದ್ದೆ. ಜಗಲಿಯಿಂದ ಅಣ್ಣ ಕರೆದ. “ಹೆಣೆ, ಕೂಗ್ಬೇಡ. ಹಣ್ಗಿ ಒಂದ್ ಕೊಡ್ ಕಾಂಬ.” ಹಣಿಗೆ ಎಂದರೆ ಬಾಚಣಿಗೆ. ಎಡಗೈಯಲ್ಲಿ ಹಿಡಿದು ಬಾಚಲು ನೋಡಿದ. ನಾಯಿಯನ್ನು ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕಲ್ಲ. ಆಗ ಎಡಗೈಯಿಂದ ನಾಯಿಯ ಕೊರಳು ಹಿಡಿದು, ಬಾಚಣಿಗೆಯನ್ನು ಬಲಮುಷ್ಟಿಯೊಳಗೆ ತುರುಕಿಸಿಕೊಂಡ. ಅದು ಹತ್ತು ಸಲ ಬಿತ್ತು. ಹತ್ತು ಸಲ ಹೆಕ್ಕಿದ. ನಾಯಿ ಕಣ್ಣು ಅರೆಮುಚ್ಚಿ ಕೂತಿತು. ಗಲ್ಲಾದಲ್ಲಿ ಕೂತ ಮಾಲೀಕನ ಹಾಗೆ ಕಾಣುತ್ತದೆ ಎಂದು ಅಣ್ಣ ಅದಕ್ಕೆ ಶೇಟ್ ಎಂದು ಹೆಸರಿಟ್ಟ.

ಬಾಚುವ ಕ್ರಮವನ್ನೂ ಅವನೇ ಕಂಡುಹಿಡಿದ. ಬರೆದಿಟ್ಟುಕೊಳ್ಳುವವರು ಬರೆದಿಟ್ಟುಕೊಳ್ಳಿ. ಇಂಥ ನಾಯಿಗೆ ಎರಡು ಪದರ ರೋಮ: ಮೇಲೆ ಉದ್ದನೆಯದು, ಒಳಗೆ ಹತ್ತಿಯಂಥದ್ದು. ಸೆಖೆ ಬಂದಾಗ ಉದುರುವುದು ಒಳಗಿನದು. ಮೊದಲು ಅಗಲ ಹಲ್ಲಿನ ಬಾಚಣಿಗೆ, ಆಮೇಲೆ ಸಣ್ಣ ಹಲ್ಲಿನದು. ಗಂಟು ಸಿಕ್ಕಿದರೆ ಎಳೆಯಬಾರದು, ಬೆರಳಲ್ಲಿ ಬಿಡಿಸಬೇಕು. ದಿನಾ ಸ್ನಾನ ಮಾಡಿಸಿದರೆ ಚರ್ಮ ಒಣಗಿ ಇನ್ನಷ್ಟು ಉದುರುತ್ತದೆ. ಕೆಳಗೆ ಒದ್ದೆ ಗೋಣಿಚೀಲ ಹಾಸಿದರೆ ರೋಮ ಅದಕ್ಕೇ ಅಂಟುತ್ತದೆ, ಹಾರುವುದಿಲ್ಲ. ಎಲ್ಲಕ್ಕಿಂತ ಮುಖ್ಯ ಗಾಳಿ. ನಮ್ಮ ಕಡೆ ಬೆಳಿಗ್ಗೆ ಗಾಳಿ ಗುಡ್ಡದ ಕಡೆಯಿಂದ ಕಡಲಿಗೆ, ಮಧ್ಯಾಹ್ನದ ಮೇಲೆ ಕಡಲಿನಿಂದ ಗುಡ್ಡಕ್ಕೆ. ಆದ್ದರಿಂದ ಬೆಳಿಗ್ಗೆ ಬಾಚುವವನು ಚಾಪೆಯ ಪಡುಬದಿಗೆ ಕೂರಬೇಕು. ಹನ್ನೊಂದರ ಒಳಗೆ ಎದ್ದುಬಿಡಬೇಕು. ಅಣ್ಣ ಒಂದು ದಿನವೂ ಹೊತ್ತು ತಪ್ಪಿಸಲಿಲ್ಲ. ಹೋಟೆಲಿನ ಶಿಸ್ತು.

ಬಾಚಿದ ರೋಮ ಚೀಲದಲ್ಲಿ ತುಂಬಿ ಗಂಟು ಕಟ್ಟಿಡುತ್ತಿದ್ದ. ಗಿರಿಜಕ್ಕ ಬಿಡುವಳೇ? “ಶೀನಣ್ಣ, ಇನ್ನೊಂದ್ ಚೀಲ ಆರೆ ಹೊಸ ನಾಯಿಯೇ ಕಟ್ಲಕ್ಕಲೆ.”

“ಕಟ್ತೆ. ಅದ್ರ್ ಬಾಯಿಗೆ ಮಾತ್ರ ನಿನ್ನ್ ನಾಲ್ಗಿ ಬೇಕಾತ್ತ್.”

ಹೆಂಗಸರು ನಕ್ಕರು. ಜಗಲಿಯಿಂದ ಅಂಗಳಕ್ಕೆ ಮಾತು ಹೋಗಿಬರಲು ಶುರುವಾದದ್ದು ಹಾಗೆ. ಮಳೆ ಹಿಡಿಯುವ ಹೊತ್ತಿಗೆ ಅಣ್ಣನ ಹೆಬ್ಬೆರಳು, ತೋರುಬೆರಳು ಬಿಡಿಸಿಕೊಂಡಿದ್ದವು. ದೀಪಾವಳಿಯ ದಿನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಂಡು ಬಂದು ನನ್ನೆದುರು ನಿಂತ. ನಾನು ಗಡಿಬಿಡಿಯಲ್ಲಿದ್ದೆ. ಗಮನಿಸಿದೆ, ಆದರೆ ಬಾಯಿಬಿಟ್ಟು ಹೇಳಲಿಲ್ಲ.

ಎರಡನೆಯ ಬೇಸಿಗೆಯಲ್ಲಿ ನಾನು ಆ ತಪ್ಪು ಮಾಡಿದೆ.

ಮಾರ್ಚಿನಲ್ಲಿ ಅಣ್ಣನಿಗೆ ಜ್ವರ ಬಂದು ಎದೆಗಿಳಿಯಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಆ ಹನ್ನೊಂದು ದಿನ ಶೇಟನ್ನು ಬಾಚಲು ಯಾರೂ ಕೂರಲಿಲ್ಲ. ಯಾರೂ ಎಂದರೆ ನಾನು. ಬೆಳಿಗ್ಗೆ ಹಪ್ಪಳ, ಸಂಜೆ ಆಸ್ಪತ್ರೆ. ನಾಯಿಗೆ ಅನ್ನ ಹಾಕುವುದೇ ಹೆಚ್ಚಾಗಿತ್ತು. ಹತ್ತನೆಯ ದಿನ ಬ್ರಹ್ಮಾವರದ ಅಡುಗೆಯವರೊಬ್ಬರು ತಾವೇ ರಿಕ್ಷಾ ಮಾಡಿಕೊಂಡು ಬಂದು ಕೊಂಡುಹೋಗಿದ್ದ ಹಪ್ಪಳದ ಕಟ್ಟುಗಳನ್ನೆಲ್ಲ ಜಗಲಿಯ ಮೇಲಿಟ್ಟರು. “ಅಕ್ಕ, ಕರಿಯುಕೆ ಮೊದ್ಲೇ ಕಂಡಿತ್, ನಮ್ಮ್ ಪುಣ್ಯ. ಎಲಿ ಮೇಲೆ ಕಂಡಿರೆ ನಾನ್ ನಾಳೆಯಿಂದ ಯಾರ್ ಮನಿ ಒಲಿ ಹೊತ್ಸುದ್?” ಬೈದಿದ್ದರೆ ತಿರುಗಿ ಜಗಳವಾಡಬಹುದಿತ್ತು. ಅವರು ಬೈಯಲಿಲ್ಲ.

ಅಣ್ಣನ ಕೈ ಹತ್ತು ದಿನ ಇಲ್ಲದ್ದಕ್ಕೆ ಹೀಗಾಯಿತು, ಅಂದರೆ ಇಷ್ಟು ದಿನ ನನ್ನ ಹೆಸರು ಉಳಿಸಿದ್ದು ಆ ಕೈ ಎಂದು ಅಂದೇ ತಿಳಿಯಬೇಕಿತ್ತು. ನನಗೆ ತಿಳಿದದ್ದು, ರೋಮ ಇದ್ದರೆ ತಾನೇ ಈ ತೊಂದರೆ ಎಂದು.

ಮರುದಿನ ಬೆಳಿಗ್ಗೆಯೇ ಶೇಟನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ನಾಯಿಗಳ ಕೂದಲು ಕತ್ತರಿಸುವ ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗಿ ರೋಮದೊಳಗೆ ಬೆರಳಿಟ್ಟು ನೋಡಿ, “ಇದ್ನ್ ಪೂರ್ತಿ ಬೋಳ್ಸುಕಾಗ ಅಮ್ಮ. ಬಾಚಿ ಒಳಗಿಂದ್ ತೆಗ್ದ್ ಕೊಡ್ತೆ. ಬೋಳ್ಸಿರೆ ಬಿಸ್ಲಿಗೆ ಮೈ ಸುಡ್ತ್, ಮತ್ತೆ ಮೊದ್ಲಿನಂಗೆ ಬತ್ತಿಲ್ಲೆ” ಎಂದಳು. ಒಳ್ಳೆಯ ಮಾತನ್ನು ಪುಕ್ಕಟೆಯಾಗಿ ಹೇಳಿದಳು. ನಾನು ಅದನ್ನು ವ್ಯಾಪಾರದ ಮಾತೆಂದುಕೊಂಡೆ. ಬಾಚಿ ತೆಗೆದರೆ ಹದಿನೈದು ದಿನಕ್ಕೊಮ್ಮೆ ಬರಬೇಕು. ಬೋಳಿಸಿದರೆ ಒಂದೇ ಸಲ. ಬೋಳಿಸುವುದು ಸುಲಭದ ಕೆಲಸ, ಯಂತ್ರ ಓಡಿಸಿದರಾಯಿತು, ಅದಕ್ಕೆ ಅಷ್ಟೆಲ್ಲ ಯಾಕೆ ಎಂದು ವಾದಿಸಿ ಅರ್ಧಕ್ಕೆ ಇಳಿಸಿದೆ. ಅವಳು ಮತ್ತೊಮ್ಮೆ ಬೇಡ ಎಂದಳು. ನಾಯಿ ಯಾರದು ಎಂದು ನಾನು ಕೇಳಿದೆ. ಅವಳು ಯಂತ್ರ ಕೈಗೆತ್ತಿಕೊಂಡಳು.

ಅದೇ ಸಂಜೆ ಅಣ್ಣ ಮನೆಗೆ ಬಂದ. ರಿಕ್ಷಾದಿಂದ ಇಳಿದವನ ಕಾಲಬುಡಕ್ಕೆ ಎಂದಿನಂತೆ ಹಾರಿ ಬರಬೇಕಾದ ನಾಯಿ ಜಗಲಿಯ ಮಂಚದ ಕೆಳಗಿನಿಂದ ತಲೆಯಷ್ಟೇ ಹೊರಹಾಕಿತು. ತೊಯ್ದ ಇಲಿಯ ಹಾಗೆ, ಗುಲಾಬಿ ಬಣ್ಣದ ಮೈ. ಅಣ್ಣನಿಗೆ ಗುರುತೇ ಸಿಗಲಿಲ್ಲ. ಸಿಕ್ಕಿದ ಮೇಲೆ ಬಗ್ಗಿ ಅದರ ಬೋಳು ಬೆನ್ನು ಸವರಿದ. “ಎಷ್ಟಕ್ಕ್ ಮಾಡ್ಸ್ದೆ?” ಎಂದು ಕೇಳಿದ. ಅರ್ಧಕ್ಕೆ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಆ ನನ್ನ ದನಿ ಈಗಲೂ ನನಗೆ ಕೇಳಿಸುತ್ತದೆ.

ಆ ವರ್ಷದ ಹಪ್ಪಳದಷ್ಟು ಚೊಕ್ಕಟ ಹಪ್ಪಳ ನಾನು ಮಾಡಿದ್ದೇ ಇಲ್ಲ. ಒಂದು ದೂರು ಬರಲಿಲ್ಲ. ಶೇಟ್‌ಗೆ ಮಾತ್ರ ಬಿಸಿಲು ಹೊಡೆದು ಬೆನ್ನ ಮೇಲೆ ಹುಣ್ಣಾಯಿತು. ನಾನು ತೆಂಗಿನೆಣ್ಣೆ ಹಚ್ಚಿದೆ; ಅದು ಇನ್ನೂ ಕೆಟ್ಟಿತು. ದನದ ಡಾಕ್ಟರು ಮುಲಾಮು ಕೊಟ್ಟು, ಬಟ್ಟೆ ಹಾಕಿ ಎಂದರು. ಅಣ್ಣ ತನ್ನ ಬನಿಯನ್ ಒಂದನ್ನು ಎಡಗೈಯಿಂದಲೇ ಎಳೆದೆಳೆದು ಅದಕ್ಕೆ ತೊಡಿಸಿದ. ಬನಿಯನ್ ತೊಟ್ಟ ನಾಯಿ, ಬನಿಯನ್ ತೊಟ್ಟ ಅಣ್ಣ, ಇಬ್ಬರೂ ಜಗಲಿಯಲ್ಲಿ ಕೂತಿರುತ್ತಿದ್ದರು. ಬಾಚಲು ಏನೂ ಇರಲಿಲ್ಲ. ಬಲಗೈ ಮತ್ತೆ ಮಡಿಲಿಗೆ ಹೋಯಿತು. ಮಳೆಗಾಲ ಕಳೆಯುವಷ್ಟರಲ್ಲಿ ಬೆರಳು ಮುಷ್ಟಿಯೊಳಗೆ ಸೇರಿಕೊಂಡಿದ್ದವು. ಗುಂಡಿಯಿಲ್ಲದ ಅಂಗಿ ಹೊಲಿಸು ಎಂದ. ಜಗಲಿಯಿಂದ ಅಂಗಳಕ್ಕೆ ಮಾತು ನಿಂತಿತು. ಊಟದ ಹೊತ್ತಿಗೆ ಹಸಿವಿಲ್ಲ ಎನ್ನುವುದು ಹೆಚ್ಚಾಯಿತು.

ನಾನು ಕೆಲಸ ಹುಡುಕಿ ಕೊಟ್ಟೆ. ಬೆಳ್ಳುಳ್ಳಿ ಸುಲಿಯಲು ಕೂರಿಸಿದೆ. ಎರಡು ದಿನ ಸುಲಿದ. ಮೂರನೆಯ ದಿನ ಬುಟ್ಟಿಯನ್ನು ನನ್ನ ಕಡೆ ನೂಕಿದ. “ನಿನ್ನೆ ಸುಲ್ದದ್ದ್ ಒಳ್ಗೆ ಹಾಂಗೇ ಇತ್ತಲೆ ಹೆಣೆ. ಮೊನ್ನೆದೂ ಇತ್ತ್. ನಂಗ್ ಕೆಲ್ಸ ಹುಡ್ಕುಕ್ ಹೋಗ್ಬೇಡ.” ಕೋಪವಿರಲಿಲ್ಲ ಆ ಮಾತಿನಲ್ಲಿ. ಬೇಕಾದ ಕೆಲಸಕ್ಕೂ ಕೂರಿಸಿಡುವ ಕೆಲಸಕ್ಕೂ ಇರುವ ವ್ಯತ್ಯಾಸ ಮೂವತ್ತು ವರ್ಷ ಕಾವಲಿಯ ಎದುರು ನಿಂತವನಿಗೆ ಗೊತ್ತಾಗದೆ ಇರುತ್ತದೆಯೇ?

ಒಮ್ಮೆ ಹಿತ್ತಿಲಲ್ಲಿ ಗಿರಿಜಕ್ಕನ ಹತ್ತಿರ ಹೇಳಿಕೊಂಡೆ, ಅಣ್ಣ ಹೀಗೆ ಸೊರಗುತ್ತಿದ್ದಾನಲ್ಲ ಎಂದು. ಅವಳು ಮಣೆ ತೊಳೆಯುತ್ತಿದ್ದಳು. ತಲೆಯೆತ್ತದೆ, “ಅಷ್ಟ್ ವರ್ಷ ಮುಂಬೈ ಹೋಟ್ಲಿನವ್ರ್ ಅವ್ರನ್ನ್ ಕೆಲ್ಸದಿಂದ ತೆಗೀಲಿಲ್ಲೆ ಅಕ್ಕ. ನೀವ್ ತೆಗ್ದ್ರಿ” ಎಂದಳು.

ಶೇಟ್‌ನ ಮೈಮೇಲೆ ರೋಮ ಬರುತ್ತಿತ್ತು ನಿಜ. ಮುರಕಲ್ಲಿನ ಗೋಡೆಯ ಮೇಲೆ ಪಾಚಿ ಹಿಡಿದ ಹಾಗೆ ಅಲ್ಲಿಷ್ಟು, ಇಲ್ಲಿಷ್ಟು. ಬೆನ್ನ ಮೇಲೆ ಅಂಗೈಯಗಲ ಬೋಳಾಗಿಯೇ ಉಳಿಯಿತು. ಅದು ಬೆಳೆದು ಮತ್ತೆ ಉದುರುವವರೆಗೆ ಕಾದರೆ ಅಣ್ಣ ಇರುತ್ತಾನೋ ಇಲ್ಲವೋ ಎಂಬ ಹೆದರಿಕೆ ನನಗೆ ಹುಟ್ಟಿತು. ಶಿವರಾತ್ರಿ ಕಳೆದ ವಾರ ಉಪ್ಪುಂದದ ಬಸ್ಸು ಹತ್ತಿದೆ.

ಶೇಟನ್ನು ಬೋಳಿಸಿದ ವಿಷಯ ಟೀಚರಿಗೆ ಮೊದಲೇ ಗೊತ್ತಾಗಿತ್ತು. ಕೂರಿ ಎಂದೂ ಹೇಳಲಿಲ್ಲ. ನಿಂತೇ ಕೇಳಿದೆ. “ಇಪ್ಪುದ್ರಂಗೆ ಹೆಚ್ಚ್ ರೋಮ ಉದುರ್ಸು ನಾಯಿ ಯಾವ್ದಿತ್ತೋ ಅದ್ನ್ ಕೊಡಿ ಟೀಚರ್.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಬಂದವ್ರ್ ಎಲ್ಲ ಉದ್ರದ್ ನಾಯಿ ಇತ್ತಾ ಅಂಬ್ರ್. ಉದುರ್ತ್ ಅಂದ್ಕಂಡೇ ಅರ್ಧ ನಾಯಿ ಬೀದಿಗ್ ಬಪ್ಪುದ್. ನೀವ್ ಎಂತ ಉಲ್ಟಾ? ಮತ್ತೊಂದ್ ಬೋಳ್ಸುಕಾ?”

ಅಣ್ಣನ ಕೈಯ ವಿಷಯ ಹೇಳಿದೆ. ಅರ್ಧಕ್ಕೆ ಇಳಿಸಿದ್ದನ್ನೂ ಹೇಳಿದೆ. ಒಂದು ವ್ಯಾಪಾರದಲ್ಲಿ ಸೋತೆನೆಂದು ನನ್ನ ಬಾಯಿಂದ ಮೊದಲ ಸಲ ಬಂದದ್ದು ಆಗ. ಟೀಚರ್ ಒಳಗೆ ಹೋದರು. ಹೊರಗೆ ಬಂದಾಗ ಅವರ ಹಿಂದೆ ಕಂದು ಬಣ್ಣದ, ಮುದಿಯಾದ ಅಲ್ಸೇಷಿಯನ್ ಒಂದು ನಿಧಾನಕ್ಕೆ ಬಂತು. ಬೈಂದೂರಿನ ಕಡೆ ಕಡಲಬದಿಯ ಕಂಬಕ್ಕೆ ಕಟ್ಟಿ ಯಾರೋ ಬಿಟ್ಟುಹೋದದ್ದಂತೆ. ಅದು ನಡೆದಲ್ಲೆಲ್ಲ ಹತ್ತಿಯಂತೆ ರೋಮದ ಉಂಡೆಗಳು ಬೀಳುತ್ತಿದ್ದವು. ಟೀಚರ್ ಷರತ್ತು ಹಾಕಿದರು: ತಿಂಗಳಿಗೊಮ್ಮೆ ಬಂದು ನೋಡುತ್ತೇನೆ, ಯಂತ್ರ ಮುಟ್ಟಿಸಿದರೆ ಎರಡನ್ನೂ ಕರೆದುಕೊಂಡು ಹೋಗುತ್ತೇನೆ. ನಾನು ಚೌಕಾಸಿ ಮಾಡಲಿಲ್ಲ.

ಮನೆಗೆ ತಂದು ಅಣ್ಣನ ಎದುರು ಕಟ್ಟಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ಇದ್ನ್ ದಿನಾ ಬಾಚ್ದಿರೆ ಈ ವರ್ಷ ಹಪ್ಪಳ ಹಾಕುಕಾತಿಲ್ಲೆ ಅಣ್ಣ. ಬಾಚುಕೆ ನಂಗ್ ಸಮಯ ಇಲ್ಲೆ.”

“ಹಾಂಗಾರೆ ಬಿಟ್ಟ್ ಬಾ.”

“ಬಿಡುದಿಲ್ಲೆ.”

ಅವನು ಮುಖ ತಿರುಗಿಸಿಕೊಂಡ. ಇದೂ ಬೆಳ್ಳುಳ್ಳಿಯ ಬುಟ್ಟಿಯೇ ಎಂದು ಅವನಿಗೆ ಅನ್ನಿಸಿರಬೇಕು. ಮೂರು ದಿನ ಬಾಚಣಿಗೆ ಅವನ ಪಕ್ಕದಲ್ಲೇ ಬಿದ್ದಿತ್ತು. ನಾಯಿ ಅಂಗಳದ ಅಂಚಿನಲ್ಲಿ ಮೈ ಕೊಡವುತ್ತಿತ್ತು. ಮೂರನೆಯ ದಿನ ನಾನು ಆ ವರ್ಷದ ಮೊದಲ ಕಾಯಿಯ ಹಪ್ಪಳ ಹಾಕಿಸಿದೆ. ಗಾಳಿ ತಿರುಗಿದ್ದೇ ಕಂದು ರೋಮ ಚಾಪೆಯ ಮೇಲೆ ಹರಡಿತು. ಹೆಕ್ಕುತ್ತೇವೆ ಎಂದರು ಹೆಂಗಸರು. ಹೆಕ್ಕಿ ಮುಗಿಯುವಂಥದ್ದಲ್ಲ, ಹೆಕ್ಕಿದ ಮೇಲೆ ಮಾರುವಂಥದ್ದೂ ಅಲ್ಲ. ಆರು ಜನರ ಇಡೀ ದಿನದ ದುಡಿಮೆಯಿದ್ದ ಚಾಪೆಯನ್ನು ನಾನೇ ಸುತ್ತಿ ಎತ್ತಿ ಗೊಬ್ಬರದ ಗುಂಡಿಗೆ ಕೊಡವಿ ಬಂದೆ. ಎರಡನೆಯದನ್ನೂ, ಮೂರನೆಯದನ್ನೂ. ನಾನು ನಾಟಕವಾಡಲಿಲ್ಲ, ನಂಬಿ. ಬರಿಗೈಯಲ್ಲಿ ಗುಂಡಿಯ ಹತ್ತಿರದಿಂದ ಬರುವಾಗ ಅಣ್ಣ ನನ್ನನ್ನೇ ನೋಡುತ್ತಿದ್ದ. ನನ್ನ ಜನ್ಮದಲ್ಲಿ ಒಂದು ಹಿಡಿ ಹಿಟ್ಟು ದಂಡ ಮಾಡಿದವಳಲ್ಲ ನಾನು ಎಂದು ಅವನಷ್ಟು ಬಲ್ಲವರು ಬೇರೆ ಯಾರು?

ನಾಲ್ಕನೆಯ ಬೆಳಿಗ್ಗೆ ಹಿಟ್ಟು ಕುಟ್ಟುವ ಸದ್ದಿನ ನಡುವೆ ಅವನ ದನಿ ಬಂತು. “ಗೋಣಿ ಒದ್ದಿ ಮಾಡಿ ಪಡುಬದಿಗ್ ಹಾಕ್. ಆ ಮೌಸಿನ್ ಇಲ್ಲ್ ತಾ.”

ಹೀಗೆ ಅದಕ್ಕೆ ಮೌಸಿ, ಮುಂಬೈಯವರ ಮಾತಿನಲ್ಲಿ ಚಿಕ್ಕಮ್ಮ, ಎಂದು ಹೆಸರಾಯಿತು. ಅಣ್ಣ ಆಮೇಲೆ ಎರಡು ಬೇಸಿಗೆ ಇದ್ದ. ಕೈ ಪೂರ್ತಿ ಸರಿಯಾಯಿತು ಎಂದು ಹೇಳಿ ನಿಮ್ಮನ್ನು ಸಂತೋಷಪಡಿಸಲಾರೆ. ಬಾಚಣಿಗೆ ಹಿಡಿಯುವಷ್ಟು, ಗುಂಡಿ ಹಾಕುವಷ್ಟು, ಲೋಟ ಎತ್ತುವಷ್ಟು ಬಂತು. ಕೊನೆಯ ಬೇಸಿಗೆಯಲ್ಲಿ ಗಿರಿಜಕ್ಕನ ಜೊತೆ ಜಗಳ ಎಷ್ಟಾಗುತ್ತಿತ್ತೆಂದರೆ ನಾನೇ ಇಬ್ಬರಿಗೂ ಗದರಬೇಕಾಗುತ್ತಿತ್ತು. ಹೋದ ವರ್ಷ ಆಷಾಢದ ಒಂದು ಮಧ್ಯಾಹ್ನ, ಊಟ ಮಾಡಿ ಕೈ ತೊಳೆದು ಮಲಗಿದವನು ಏಳಲಿಲ್ಲ. ಎರಡು ದಿನ ನಾಯಿಗಳು ಜಗಲಿ ಬಿಟ್ಟು ಇಳಿಯಲಿಲ್ಲ. ಹೆಚ್ಚು ಹೇಳುವುದು ಬೇಡ.

ಈಗ ಮತ್ತೆ ಮಾರ್ಚ್. ಹಲಸಿನಕಾಯಿ ಬರತೊಡಗಿದೆ, ಮೌಸಿ ಉದುರಿಸತೊಡಗಿದೆ; ಅರೆಬೋಳು ಶೇಟ್‌ನದು ಮಾತ್ರ ಲೆಕ್ಕಕ್ಕಿಲ್ಲದಷ್ಟು. ಈ ವರ್ಷ ಬಾಚಲು ನಾನೇ ಕೂರುತ್ತೇನೆ. ಯಾರಿಗಾದರೂ ಕೂಲಿ ಕೊಟ್ಟು ಮಾಡಿಸಬಹುದಿತ್ತು. ಲೆಕ್ಕಕ್ಕೆ ಅದೇ ಲಾಭ. ಮೊದಲ ದಿನ ನನ್ನ ರೀತಿಯಲ್ಲೇ ಬಾಚಿದೆ, ಕೊರಳಿನಿಂದ ಬಾಲದವರೆಗೆ ಒಂದೇ ಎಳೆತ, ಬೇಗ ಬೇಗ, ಹತ್ತು ನಿಮಿಷದಲ್ಲಿ ಮುಗಿಸುವ ಹುರುಪಿನಲ್ಲಿ. ಮೌಸಿ ಎದ್ದು ಹೋಯಿತು. ಎಳೆದು ತಂದು ಕೂರಿಸಿದೆ. ಮತ್ತೆ ಎದ್ದಿತು. ಗುರುಗುಟ್ಟಲಿಲ್ಲ, ಕಚ್ಚಲಿಲ್ಲ, ತಪ್ಪು ಮನೆಗೆ ಬಂದವರ ಹಾಗೆ ಸುಮ್ಮನೆ ಎದ್ದು ಹೋಗುತ್ತಿತ್ತು. ನಾಲ್ಕು ದಿನ ಹೀಗೇ ಆಯಿತು.

ಐದನೆಯ ದಿನ ನನಗೆ ಸುಸ್ತಾಗಿತ್ತು. ಬಾಚಣಿಗೆ ಅದರ ಹೆಗಲ ಮೇಲಿಟ್ಟು ಎರಡು ಬೆರಳಗಲ ಎಳೆದು ಕೈ ನಿಲ್ಲಿಸಿದೆ. ಮೌಸಿ ಅಲ್ಲಾಡಲಿಲ್ಲ. ಇನ್ನೆರಡು ಬೆರಳಗಲ ಎಳೆದೆ, ನಿಲ್ಲಿಸಿದೆ. ಅದು ಉಸಿರು ಬಿಟ್ಟು ನನ್ನ ಮೊಣಕಾಲಿಗೆ ಒರಗಿತು. ಆಗ ತಿಳಿಯಿತು. ಅದಕ್ಕೆ ಬಾಚುವುದೆಂದರೆ ಅಷ್ಟೇ: ಚೂರು ಎಳೆಯುವುದು, ಜಾರುವ ಬಾಚಣಿಗೆಯನ್ನು ಹಿಡಿತಕ್ಕೆ ತಂದುಕೊಳ್ಳಲು ನಿಲ್ಲುವುದು, ಮತ್ತೆ ಚೂರು ಎಳೆಯುವುದು. ಸರಿಯಾದ ಕೈ ಎಂದರೆ ಅದಕ್ಕೆ ಅಣ್ಣನ ಆ ಒಂದೇ ಕೈ.

ನಾನು ಹಾಗೇ ಬಾಚುತ್ತೇನೆ ಈಗ. ನನ್ನ ಎರಡೂ ಕೈ ನೆಟ್ಟಗಿವೆ; ಆದರೂ ಅವನಿಗೆ ಹಿಡಿಯುತ್ತಿದ್ದಷ್ಟೇ ಹೊತ್ತು ನನಗೂ ಹಿಡಿಯುತ್ತದೆ. ಬೆನ್ನು ಮುಗಿಸಿ ಪಕ್ಕೆಗೆ ಬರುವಷ್ಟರಲ್ಲಿ ಬಿಸಿಲು ಅಂಗಳದ ಅರ್ಧಕ್ಕೆ ಬಂದಿರುತ್ತದೆ. ಇವತ್ತೂ ಗಿರಿಜಕ್ಕ ಒಳಗಿನಿಂದ ಕೂಗಿದಳು. “ಹ್ವಾಯ್ ಅಕ್ಕ, ಹಿಟ್ಟಿನ್ ಉಂಡಿ ಒಣ್ಗತ್, ಬನ್ನಿಯೇ!”

“ಬತ್ತೆ, ಬತ್ತೆ” ಎಂದೆ. ಎರಡು ಬೆರಳಗಲ ಎಳೆದೆ. ನಿಲ್ಲಿಸಿದೆ.